ಮಾವನ ಎಡ ತಿರುವು

ಇಡೀ ಅರಸೀಕೆರೆಯ ಕಾರುಗಳನ್ನು ಒಂದೇ ಒಂದು ಕೆಂಪು ಟವೆಲ್ ಬೀಸಿ ಎಡಕ್ಕೆ ತಿರುಗಿಸಬಲ್ಲ ಗಂಡಸು ನಮ್ಮ ವಂಶದಲ್ಲಿದ್ದಾರೆ, ಗೊತ್ತೇ? ಅವರು ನನ್ನ ಸೋದರಮಾವ, ಕೊಬ್ಬರಿ ವ್ಯಾಪಾರಿ. ಪೊಲೀಸ್ ಇಲಾಖೆಗೂ ಅವರಿಗೂ ಇರುವ ಸಂಬಂಧ ಕತ್ತಿನಲ್ಲಿ ತೂಗುವ ಸೀಟಿ ಮಾತ್ರ!

ಚರಂಡಿ ಕೆಲಸಕ್ಕೆಂದು ಮುಖ್ಯರಸ್ತೆ ಅಗೆದಾಗ ಕಾರುಗಳಿಗೆ ಸುತ್ತುದಾರಿ ಬೇಕಾಯಿತು. ಯಾರೂ ಕರೆಯದಿದ್ದರೂ ಮಾವ ವೃತ್ತದಲ್ಲಿ ನಿಂತು ಎಲ್ಲರನ್ನೂ ತಮ್ಮದೇ ಬೀದಿಗೆ ನುಗ್ಗಿಸತೊಡಗಿದರು. ಇನ್ನೂ ಅಗಲವಾದ ಬೀದಿಗಳಿರಲಿಲ್ಲವೇ? ಇದ್ದವು! ಅವಕ್ಕೆಲ್ಲ ತೆಂಗಿನ ಗರಿ ಅಡ್ಡ ಎಳೆದಿದ್ದರು.

ಇತ್ತ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರು. ಎದ್ದು ಕೂರದಿದ್ದರೆ ಮುಂದೆ ನಡೆಯುವುದೇ ಕಷ್ಟವೆಂದು ಡಾಕ್ಟರು ಹೇಳಿದ್ದರೂ ಗೋಡೆಗೆ ಮುಖ ಮಾಡಿಯೇ ಇರುತ್ತಿದ್ದರು. ದಾರಿಹೋಕರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದ ಹೆಂಗಸು!

"ಎದ್ದು ಯಾರ್ನ ನೋಡ್ಲಿ, ಬಿಡೋ" ಎಂದಿದ್ದರು ನನಗೆ. ಇಂಥ ಹೊತ್ತಿನಲ್ಲಿ ಕಟ್ಟಿಕೊಂಡ ಗಂಡನಿಗೆ ಊರ ಉಸಾಬರಿ! ನನಗೆ ಮೈಯೆಲ್ಲ ಉರಿಯಿತು.

ಬೇಲೂರು ನೋಡಲು ಹೊರಟ ಯುವಕನೊಬ್ಬ, "ಅಂಕಲ್, ಮ್ಯಾಪ್ ನೇರ ಹೋಗಿ ಅಂತಿದೆ" ಎಂದ.

"ನಿಮ್ ಮ್ಯಾಪು ಅರಸೀಕೆರೇಲಿ ಹುಟ್ಟೈತಾ? ನಾನು ಹುಟ್ಟಿದೀನಿ. ಎಡಕ್ಕೆ!"

ಮಾದಿಹಳ್ಳಿಗೆ ಹೊರಟ ಮದುಮಗ ಪೇಟದ ತಲೆ ಹೊರಹಾಕಿದ. "ಯಜಮಾನ್ರೇ, ಮುಹೂರ್ತ ಮೀರ್ತೈತೆ!"

"ಮೀರಲ್ಲ ಕಣಪ್ಪ, ಹುಡುಗಿ ಇನ್ನೂ ಸೀರೆ ಉಟ್ಟಿರಲ್ಲ. ಎಡಕ್ಕೆ!"

ಕೊನೆಗೂ ಗುಂಡಿ ಮುಚ್ಚಿ ಟಾರು ಹಾಕಿದರು. ಆದರೆ ಮಾವ ಅಲ್ಲಿಂದ ಕದಲಬೇಕಲ್ಲ! ಬೈದು ಕರೆತರೋಣವೆಂದು ನಾನೇ ಕಾರು ಹತ್ತಿ ಹೋದೆ.

"ರಸ್ತೆ ಸರಿಹೋಯ್ತಲ್ಲ ಮಾವ! ಹೋಗಿ ಅತ್ತೆ ಪಕ್ಕ ಕೂತ್ಕೊಳ್ಳಿ."

"ರೂಲ್ಸು ಎಲ್ರಿಗೂ ಒಂದೇ ಕಣೋ. ಎಡಕ್ಕೆ!" ಪುರ್ರ್ ಎಂದು ಸೀಟಿ ಊದಿಯೇಬಿಟ್ಟರು.

ಹಲ್ಲು ಕಡಿಯುತ್ತ ತಿರುಗಿಸಿದೆ. ನೋಡಿದರೆ ಮಾವನ ಮನೆ ಮುಂದೆ ಅರ್ಧ ಬೀದಿಗೆ ಕೊಬ್ಬರಿ ಒಣಹಾಕಿದೆ! ಪ್ರತಿ ಕಾರೂ ಬಸವನಹುಳುವಿನಂತೆ ತೆವಳಲೇಬೇಕು. ನನ್ನ ಮುಂದಿದ್ದ ಕಾರು ಅವರ ಕಿಟಕಿಯ ಬಳಿ ನಿಂತೇಬಿಟ್ಟಿತು. ಒಳಗೆ ಅತ್ತೆ, ತಲೆ ಬಾಚಿ ಹೂ ಮುಡಿದು, ಸರಳು ಹಿಡಿದು ನೆಟ್ಟಗೆ ಕೂತಿದ್ದರು!

"ಹಳೇಬೀಡಿಗೇನಮ್ಮ? ಮಗೀಗೆ ಟೋಪಿ ಹಾಕು, ಗಾಳಿ ಐತೆ!"

ನನ್ನ ಸರದಿ ಬಂತು. ಕಾರಿನ ಗಾಜು ಇಳಿಸಿದೆ.

"ನೀನೇನೋ? ಊಟ ಆಯ್ತಾ? ನಿಮ್ಮಾವ ಎಲ್ಲೋ? ನಮ್ ಬೀದೀಲಿ ಇಷ್ಟೊಂದು ಕಾರು ಬತ್ತವೆ, ಆ ಮನುಷ್ಯಂಗೆ ಒಂದು ಗಳಿಗೆ ಪಕ್ಕದಲ್ಲಿ ಕೂತು ನೋಡೋ ಪುರುಸೊತ್ತಿಲ್ಲ!"

ಕಾರು ಅಲ್ಲೇ ಬಿಟ್ಟು ವೃತ್ತಕ್ಕೆ ಓಡಿದೆ. ಮಾವನ ಕೈಯಿಂದ ಟವೆಲನ್ನೂ ಕತ್ತಿನಿಂದ ಸೀಟಿಯನ್ನೂ ಕಸಿದುಕೊಂಡೆ. ಅವರು ಬಾಯಿ ತೆರೆಯುವ ಮೊದಲೇ ಮನೆಯ ಕಡೆ ಟವೆಲ್ ಬೀಸಿದೆ.

"ಅತ್ತೆ ಕಾಯ್ತಿದ್ದಾರೆ ಮಾವ. ಎಡಕ್ಕೆ!"