ಸಾಯಂಕಾಲದೊಳಗೆ ಒಂದು ಮಂಚ

"ನಮ್ ಚಿಕ್ಕಳಿಯನ ಮನೇಲಿ ಕೂತ್ಕಳಕ್ಕೆ ಅಂತ ಇರೋದು ಒಂದೇ ಕಣ್ರಪ್ಪಾ, ಹೊಸ್ಲು. ಅದ್ರ ಮೇಲೂ ಕೂರ್ಬಾರ್ದು. ಇನ್ನೇನ್ ಮಾಡಾನ, ನಿಂತ್ಕಂಡೇ ಸಂಸಾರ ಮಾಡ್ಬೇಕು!"

ಕ್ಯಾತನಹಳ್ಳಿಯ ತನ್ನ ಜಗಲಿಯ ಮೇಲೆ ಕೂತು ಜವರಯ್ಯ ಇಷ್ಟನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಡೈರಿಗೆ ಹಾಲು ಹಾಕಿ ಬಂದು ಖಾಲಿ ಕ್ಯಾನು ತೊಡೆಯ ಮೇಲಿಟ್ಟುಕೊಂಡಿದ್ದ ಏಳೆಂಟು ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಿರಿಯಳಿಯ ರಂಗಸ್ವಾಮಿ. ನಾಗಮಂಗಲದಿಂದ ಹೆಂಡತಿಯ ಜೊತೆ ಹಬ್ಬಕ್ಕೆಂದು ಬಂದಿದ್ದವನು, ಬಿಳಿ ಷರ್ಟಿನ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು, ಅವೆರಡರಿಂದಲೂ ಏನೂ ಬರೆಯದೆ ಕಾಲು ಅಲ್ಲಾಡಿಸುತ್ತಿದ್ದ.

ಚಿಕ್ಕಳಿಯ ಜಯಕುಮಾರ ತಿನ್ನುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ತಟ್ಟೆಗಿಟ್ಟ. ಆಷಾಢ ಮುಗಿಯಿತು, ತವರಿನಲ್ಲಿದ್ದ ಹೆಂಡತಿ ಲತಳನ್ನು ಕರೆದುಕೊಂಡು ಹೋಗೋಣ ಅಂತ ಅವನು ಬೆಳಗಿನ ಬಸ್ಸಿಗೇ ಬಂದಿದ್ದ. ಪಾಂಡವಪುರದ ಹಿಟ್ಟಿನ ಗಿರಣಿಯಲ್ಲಿ ಕೆಲಸ. ಎಷ್ಟು ಸಲ ಮುಖ ತೊಳೆದರೂ ರೆಪ್ಪೆಯ ಮೇಲೆ ರಾಗಿ ಹಿಟ್ಟು ಕೂತೇ ಇರುತ್ತಿತ್ತು. ಮದುವೆಯ ಮಾತುಕತೆಯಲ್ಲಿ, "ನಂಗೇನೂ ಬ್ಯಾಡ, ಹುಡುಗಿ ಕೊಟ್ರೆ ಸಾಕು" ಅಂತ ಎದೆಯುಬ್ಬಿಸಿ ಹೇಳಿದ್ದ. ಮಾವ ಆ ಮಾತನ್ನು ಶಿರಸಾವಹಿಸಿ ಪಾಲಿಸಿದ್ದ. ಏನೂ ಕೊಟ್ಟಿರಲಿಲ್ಲ.

"ದೊಡ್ಡಳಿಯಂಗೆ ಹಲಸಿನ ಮಂಚ ಮಾಡ್ಸಿಕೊಟ್ಟೆ, ನಮ್ ಹೊಲದ ಮರದ್ದೇ. ಆರು ವರ್ಸ ಆಯ್ತು, ಎಂಗಿಟ್ಕಂಡವ್ನೆ ಅಂತೀರಿ! ಅಲ್ವೇನವ್ವಾ?" ಅಂತ ಜವರಯ್ಯ ದೊಡ್ಡ ಮಗಳು ಸಾಕಮ್ಮನ ಕಡೆ ತಿರುಗಿದ.

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಸಾಕಮ್ಮ, "ಒಲೆ ಮೇಲೆ ಹಾಲದೆ" ಅಂದವಳೇ ಒಳಗೆ ಹೋಗಿಬಿಟ್ಟಳು. ಅವಳ ಕಿವಿಯಲ್ಲಿ ಓಲೆ ಇರಲಿಲ್ಲ, ಬೇವಿನ ಕಡ್ಡಿ ಇತ್ತು. ಕಿವಿ ಸೋರುತ್ತಿದೆಯಂತೆ.

"ನೋಡಪ್ಪಾ ಜಯಕುಮಾರ, ಸಾಯಂಕಾಲ ಟ್ರಾಕ್ಟರಲ್ಲಿ ನಾನೇ ಲತನ್ನ ಕರ್ಕಂಡ್ ಬತ್ತೀನಿ. ಮನೇಲಿ ಮಂಚ ಇದ್ರೆ ಬುಟ್ಟು ಬತ್ತೀನಿ. ಇಲ್ದಿದ್ರೆ ಗೌರಿ ಹಬ್ಬ ಕಳೀಲಿ, ದೀಪಾವಳಿ ಕಳೀಲಿ, ಆಮೇಲೆ ನೋಡಾನ."

ಲತ ಕಿಟಕಿಯ ಹಿಂದೆ ನಿಂತಿದ್ದಳು. ಕಣ್ಣಿನಲ್ಲೇ 'ಎಂಗಾರ ಮಾಡಿ' ಅಂದಳು. ಒಂದು ತಿಂಗಳಿಂದ ಒಬ್ಬನೇ ಮುದ್ದೆ ಕಟ್ಟಿಕೊಂಡು ತಿಂದಿದ್ದವನಿಗೆ ಅಷ್ಟು ಸಾಕಾಯಿತು.

ಪಾಂಡವಪುರದಲ್ಲಿ ಹೊಸ ಮಂಚಕ್ಕೆ ಸಾವಿರಕ್ಕೆ ಕಡಿಮೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಜಯಕುಮಾರನ ಚಡ್ಡಿಯ ಒಳಜೇಬಿನಲ್ಲಿದ್ದದ್ದು ಐನೂರು. ಸೀಮೆಎಣ್ಣೆ ಸ್ಟೌವಿಗೂ ನಾಲ್ಕು ಪಾತ್ರೆಗೂ ಅಂತ ಕೂಡಿಟ್ಟದ್ದು. ಕೆ.ಆರ್. ಪೇಟೆಯಲ್ಲಿ ಚಲುವಯ್ಯ ಅನ್ನುವವನು ಹಳೇ ಸಾಮಾನು ಮಾರುತ್ತಾನೆ ಅಂತ ಗಿರಣಿಗೆ ಬರುವ ಯಾರೋ ಹೇಳಿದ್ದು ನೆನಪಾಗಿ, ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದ.

ಚಲುವಯ್ಯನ ಶೆಡ್ಡಿನಲ್ಲಿ ಕಾಲಿಲ್ಲದ ಕುರ್ಚಿ, ಕನ್ನಡಿಯಿಲ್ಲದ ಬೀರು, ಬಾಗಿಲಿಲ್ಲದ ಅಲಮಾರು ಎಲ್ಲ ಸರ್ಕಾರಿ ಆಸ್ಪತ್ರೆಯ ವಾರ್ಡಿನ ಹಾಗೆ ಸಾಲಾಗಿದ್ದವು. ನಡುವೆ ಒಂದೇ ಒಂದು ಸರಿಯಾದ ಮಂಚ. ಹಸಿರು ಬಣ್ಣ ಎಷ್ಟು ದಪ್ಪಕ್ಕೆ ಬಳಿದಿದ್ದನೆಂದರೆ ಕೈಯಿಟ್ಟರೆ ಕೈ ವಾಪಸ್ಸು ಬರಲು ಯೋಚಿಸುತ್ತಿತ್ತು.

"ಯಾರ್ದು ಇದು?"

"ಯಾರ್ದಾರ ಆಗ್ಲಿ, ಈಗ ನಿಮ್ದು. ಮೊನ್ನೆ ಮೊನ್ನೆ ಬಂತು. ನಾನೂರೈವತ್ತು ಹೇಳ್ತೀನಿ, ನಾನೂರಕ್ಕೆ ಕೊಡ್ತೀನಿ, ನೀವು ಮುನ್ನೂರೈವತ್ತು ಕೇಳ್ಬೇಡಿ, ಬೇಜಾರಾಯ್ತದೆ" ಅಂದ ಚಲುವಯ್ಯ, ಚೌಕಾಸಿಯನ್ನೆಲ್ಲ ತಾನೊಬ್ಬನೇ ಮುಗಿಸಿ.

ಬಸ್ಸಿನ ಟಾಪಿಗೆ ಮಂಚ ಹತ್ತಿಸುವಾಗ ಕಂಡಕ್ಟರು ಕೆಳಗೆ ನಿಂತು ತಲೆ ಕೆರೆದುಕೊಂಡ.

"ಎಷ್ಟು ಟಿಕೀಟ್ ಕೊಡ್ಲಿ ಇದ್ಕೆ? ಇಬ್ರು ಮಲ್ಗೋ ಮಂಚ, ಎರಡು ಕೊಡು."

"ಅದ್ರ ಮೇಲೆ ಯಾರೂ ಮಲ್ಗಿಲ್ವಲ್ಲಣ್ಣ."

"ಮಲ್ಗಿದ್ರೆ ಬಸ್ಸು ಓಡ್ಸಕ್ಕಾಯ್ತಿತ್ತಾ?"

ಎರಡು ಟಿಕೀಟು ತೆಗೆದುಕೊಂಡು, ಸೀಟು ಸಿಗದೆ, ಜಯಕುಮಾರ ಪಾಂಡವಪುರದ ತನಕ ನಿಂತೇ ಬಂದ. ಮೇಲೆ ಮಂಚ ಆರಾಮಾಗಿ ಗಾಳಿ ಕುಡಿಯುತ್ತಾ ಮಲಗಿತ್ತು.

ಬಸ್‌ಸ್ಟ್ಯಾಂಡಿನಿಂದ ಮನೆಗೆ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತ. ನಾಲ್ಕು ಕಾಲೂ ಆಕಾಶಕ್ಕೆ. ಬಿಸಿಲಿಗೆ ಬಣ್ಣ ಕರಗಿ ಕತ್ತಿಗೆ ಇಳಿಯುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ದನಿ ತಗ್ಗಿಸಿ, "ಯಾರ್ ಓಗ್‌ಬುಟ್ರಪ್ಪಾ?" ಅಂತ ಕೇಳಿದರು. ಮೊದಲ ನಾಲ್ಕು ಜನಕ್ಕೆ ಯಾರೂ ಹೋಗಿಲ್ಲ ಅಂದ. ಐದನೆಯವನಿಗೆ, "ನಾನೇ" ಅಂದ.

ನಾಲೆಯ ಪಕ್ಕದ ವಠಾರದಲ್ಲಿ ಅವನದು ಕೊನೆಯ ಮನೆ. ಒಂದು ಕೋಣೆ, ಒಂದು ಬಚ್ಚಲು. ಪಕ್ಕದ ಮನೆಯ ನರಸಯ್ಯ, ಮೂವತ್ತು ವರ್ಷ ನಾಲೆಯ ನೀರು ಬಿಡುವ ನೀರಗಂಟಿಯಾಗಿ ಊರಿನ ನೀರಿಗೆಲ್ಲ ಬುದ್ಧಿ ಹೇಳಿ ಈಗ ನಿವೃತ್ತನಾದವನು, ಮಂಚವನ್ನೂ ಬಾಗಿಲನ್ನೂ ಟವೆಲ್ಲಿನಲ್ಲಿ ಅಳೆದು ನೋಡಿದ.

"ಒಳಿಕ್ಕೆ ಓಗಾಕಿಲ್ಲ ಕಣ್ಲಾ."

"ಅಡ್ಡ ಮಾಡಿದ್ರೆ?"

"ಅಡ್ಡ ಮಾಡಿದ್ರೂ ಓಗಾಕಿಲ್ಲ, ಉದ್ದ ಮಾಡಿದ್ರೂ ಓಗಾಕಿಲ್ಲ. ಕಾಲು ಬಿಚ್ಚು."

ಕಾಲು ಸಲೀಸಾಗಿ ಬಿಚ್ಚಿ ಬರಲಿಲ್ಲ. ಒಳ್ಳೆಯ ಆಚಾರಿ ಮಾಡಿದ ಕೆಲಸ, ಬೆಣೆ ಹೊಡೆದು ಕೂರಿಸಿದ್ದ. ಮೂರು ಕಾಲು ಹೇಗೋ ಬಂದವು. ನಾಲ್ಕನೆಯದು ಜವರಯ್ಯನ ಹಾಗೆ ಹಟ ಹಿಡಿದು ಕೂತಿತು. ಗಂಟೆ ಮೂರಾಯಿತು.

"ಕುಯ್ದಾಕು ಅತ್ಲಾಗಿ. ಒಳಗ್ ಓದ್ಮೇಲೆ ಇಟ್ಟಿಗೆ ಕೊಟ್ರಾಯ್ತು" ಅಂತ ನರಸಯ್ಯ ಗರಗಸ ತಂದುಕೊಟ್ಟ. ತಾನು ಕುಯ್ಯಲಿಲ್ಲ. ಎಲ್ಲಿ ಕುಯ್ಯಬೇಕು ಅಂತ ತೋರಿಸಿದ ಅಷ್ಟೆ, ಅದನ್ನೂ ನಾಲ್ಕು ಬೆರಳು ತಪ್ಪಾಗಿ.

ಅಂತೂ ಮಂಚ ಒಳಗೆ ಹೋಗಿ, ಮೂರು ಕಾಲು ಮತ್ತೆ ಕೂತು, ನಾಲ್ಕನೆಯದರ ಕೆಳಗೆ ಎರಡು ಇಟ್ಟಿಗೆ ಸೇರಿ, ನೆಟ್ಟಗೆ ನಿಂತಿತು. ಜಯಕುಮಾರ ಉಸಿರು ಬಿಟ್ಟು ಅದರ ಮೇಲೆ ಕೂರಬೇಕು ಅನ್ನುವಾಗ ಮನೆಯೊಡತಿ ಪುಟ್ಟಲಕ್ಷ್ಮಮ್ಮ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಕೂರ್ಬ್ಯಾಡ! ಯಾರ್ ಸತ್ತಿದ್ರು ಅದ್ರ ಮೇಲೆ?"

"ಯಾರೂ ಇಲ್ಲ ಕಣಕ್ಕ."

"ಮಾರ್ದೋನು ಏಳ್ತಾನಾ, ಇಂಗಿಂಗೆ, ನಮ್ಮಜ್ಜಿ ಸತ್ತಿದ್ ಮಂಚ ಅಂತ? ಹೊಸ್ದಾಗಿ ಬರೋ ಹೆಣ್ಣು, ಶ್ರಾವಣ ಮಾಸ. ತೊಳೀದೆ ನನ್ ಮನೇಲಿ ಇಡಂಗಿಲ್ಲ. ನೀನ್ ಓಗಿ ಹಾಸ್ಗೆ ತಗಬಾ. ನಾವು ತೊಳ್ದು ಇಟ್ಟಿರ್ತೀವಿ."

ಬೇಡ ಅನ್ನಲು ಅವನಿಗೆ ತ್ರಾಣವಿರಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಅರ್ಧ ರೊಟ್ಟಿ ಮತ್ತು ಒಂದು ಬೈಗುಳ. ಅವನು ಪೇಟೆ ಬೀದಿಯ ಕಡೆ ಕಾಲೆಳೆದುಕೊಂಡು ಹೊರಟಾಗ, ಹಿಂದೆ ಪುಟ್ಟಲಕ್ಷ್ಮಮ್ಮ ವಠಾರದ ಹೆಂಗಸರನ್ನೆಲ್ಲ ಕೂಗಿ, ಗಂಜಲ, ಸೋಡಾ ಪುಡಿ, ಸೀಮೆಎಣ್ಣೆ, ತೆಂಗಿನ ನಾರು ಜಮಾಯಿಸುತ್ತಿದ್ದಳು.

ಉಳಿದ ದುಡ್ಡಿಗೆ ಸಿಕ್ಕಿದ ಹಾಸಿಗೆಯಲ್ಲಿ ಹತ್ತಿಗಿಂತ ಹತ್ತಿಬೀಜವೇ ಜಾಸ್ತಿ. ಅದನ್ನು ತಲೆಯ ಮೇಲೆ ಮಡಿಸಿ ಹೊತ್ತುಕೊಂಡು ವಠಾರಕ್ಕೆ ತಿರುಗಿದಾಗ, ಟ್ರಾಕ್ಟರು ಆಗಲೇ ಬಂದು ನಿಂತಿತ್ತು. ಟ್ರೈಲರಿನಲ್ಲಿ ಲತಳ ಟ್ರಂಕು ಕಂಡಿತು. ಅವನ ದಣಿವೆಲ್ಲ ಒಂದು ಗಳಿಗೆ ಇಳಿದುಹೋಯಿತು. ಮಂಚ ಇದೆ, ಹಾಸಿಗೆ ಇದೆ, ಹೆಂಡತಿ ಬಂದಿದ್ದಾಳೆ. ಇನ್ನೇನು ಬೇಕು?

ಆದರೆ ವಠಾರದವರೆಲ್ಲ ಅವನ ಮನೆಯ ಬಾಗಿಲಿಗೆ ಮುಖ ಮಾಡಿ ನಿಂತಿದ್ದರು.

ಬಾಗಿಲಲ್ಲಿ ಲತ ಬೆಪ್ಪಾಗಿ ನಿಂತಿದ್ದಳು. ಅಕ್ಕ ಸಾಕಮ್ಮ, ಭಾವ ರಂಗಸ್ವಾಮಿ ಇಬ್ಬರೂ ಟ್ರಾಕ್ಟರಲ್ಲೇ ಜೊತೆಗೆ ಬಂದಿದ್ದರು. ಒಳಗೆ ಜವರಯ್ಯ ಕನ್ನಡಕ ಹಾಕಿಕೊಂಡು, ಮಂಚದ ತಲೆಹಲಗೆಯ ಹಿಂದೆ ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿದ್ದ. ವಠಾರದ ಹೆಂಗಸರು ಸೊಗಸಾಗಿ ಉಜ್ಜಿದ್ದರು. ಹಸಿರು ಬಣ್ಣ ಪೂರ್ತಿ ಹೋಗಿ ಹಳದಿ ಹಲಸು ಹೊಳೆಯುತ್ತಿತ್ತು. ಬಣ್ಣದಡಿ ತುಂಬಿದ್ದ ಮೇಣವೂ ಕಿತ್ತುಬಂದು, ಕೊರೆದ ಅಕ್ಷರಗಳು ಒಂದೊಂದಾಗಿ ಎದ್ದುಬಂದಿದ್ದವು. ಜವರಯ್ಯನಿಗೆ ಅದೊಂದು ಚಟ. ಮದುವೆಯ ಪಾತ್ರೆಗೆ ಹೆಸರು ಕೊರೆಸುವುದು ಎಲ್ಲರೂ ಮಾಡುವುದೇ. ಈತ ಏಣಿಗೆ, ಕುಡುಗೋಲಿನ ಹಿಡಿಗೆ, ಹಾಲಿನ ಕ್ಯಾನಿನ ಮುಚ್ಚಳಕ್ಕೆ, ಮನೆಯಿಂದ ಹೊರಗೆ ಹೋಗುವ ಪ್ರತಿಯೊಂದಕ್ಕೂ ಹೆಸರು ಹಾಕಿಸುತ್ತಿದ್ದ.

ಜವರಯ್ಯ ಗಟ್ಟಿಯಾಗಿ ಓದಿದ:

"ಚಿರಂಜೀವಿ ಸೌಭಾಗ್ಯವತಿ ಸಾಕಮ್ಮನಿಗೆ. ತಂದೆ ಜವರಯ್ಯ. ಕ್ಯಾತನಹಳ್ಳಿ. ಸಾವಿರದ ಒಂಬೈನೂರ ಎಂಬತ್ತೆಂಟು."

ಹಾಸಿಗೆ ಹೊತ್ತ ಜಯಕುಮಾರ ಅಲ್ಲೇ ನಿಂತ. ನಾಗಮಂಗಲದಲ್ಲಿ ಆರು ವರ್ಷದಿಂದ ಜೋಪಾನವಾಗಿದ್ದ ಮಂಚ ಕೆ.ಆರ್. ಪೇಟೆಯ ಶೆಡ್ಡಿಗೆ ಹೇಗೆ ಬಂತು ಅಂತ ಲೆಕ್ಕ ಹಾಕಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಅವನು ರಂಗಸ್ವಾಮಿಯ ಕಡೆ ನೋಡಿದ. ರಂಗಸ್ವಾಮಿಯ ಮುಖ ಒಂದು ಕ್ಷಣ ಗಿರಣಿಯ ಹಿಟ್ಟಿನಷ್ಟು ಬೆಳ್ಳಗಾಗಿ, ಮರುಕ್ಷಣ ಕೆಂಪಗೆ ಅರಳಿತು.

"ನಾನೇ ಕೊಟ್ಟೆ ಮಾವ!" ಅಂದ. "ಮದ್ಯಾನ್ನ ನಾನು ಅರ್ಜೆಂಟಾಗಿ ಹೊರೀಕ್ಕೆ ಓಗ್ಲಿಲ್ವಾ, ಇದ್ಕೇಯ. ಪಾಪ, ಮರ್ವಾದೆ ಪ್ರಶ್ನೆ, ಅಣ್ಣಾ ಒಂದಿನದ ಮಟ್ಗೆ ಅಂತ ಕಾಲು ಇಡ್ಕಂಡ. ಸಾಕೀಗೂ ಏಳ್ಬ್ಯಾಡಿ ಅಂದಿದ್ದ. ತಮ್ಮನಂಗಲ್ವಾ? ಕೊಟ್‌ಬುಟ್ಟೆ."

"ಎರವಲ್ ಮಂಚ!" ಜವರಯ್ಯ ನೆಟ್ಟಗೆ ನಿಂತ. "ನನ್ ಮಗಳ ಮಂಚ ತಂದು ನನ್ ಮಗಳ್ಗೇ ತೋರುಸ್ತೀಯಾ? ಕಾಲ್ ಬ್ಯಾರೆ ಕುಯ್ದಿದ್ದೀಯಾ! ಎರವಲ್ ತಂದಿದ್ಕೆ ಗರಗಸ ಆಕ್ತಾರೇನ್ಲಾ?"

ಬೆಳಗಿನ 'ಅಪ್ಪಾ' ಸಾಯಂಕಾಲಕ್ಕೆ 'ಲಾ' ಆಗಿತ್ತು.

"ಕಾಲು ಎಲ್ಲಿ ಕುಯ್ಯೋದು ಅಂತ ನಾನೇ ತೋರ್ಸಿದ್ದು" ಅಂತ ನರಸಯ್ಯ ಸಹಾಯಕ್ಕೆ ಬಂದ. ಪುಟ್ಟಲಕ್ಷ್ಮಮ್ಮ, "ತೊಳ್ದಿದ್ದು ಒಳ್ಳೇದೇ ಆಯ್ತು ಬುಡಿ, ಕಳ್ ಮಾಲು ನನ್ ಮನೇಲಿ ಇರಾದು ತಪ್ತು" ಅಂದಳು.

"ಓಗ್ಲಿ ಬುಡಿ ಮಾವ," ಅಂದ ರಂಗಸ್ವಾಮಿ, ಮಂಚ ಸವರುತ್ತಾ. "ಟ್ರಾಕ್ಟರ್ ಐತಲ್ಲ, ಆಕ್ಕಂಡ್ ಓಯ್ತೀನಿ. ರಿಪೇರಿ ನಾನೇ ಮಾಡುಸ್ಕತೀನಿ."

"ನೀನ್ಯಾಕಪ್ಪಾ ಮಾಡುಸ್ತೀಯ? ನಿನ್ನಂತ ಒಳ್ಳೆಯೋನ್ಗೆ ನಷ್ಟ ಆಗ್ಬಾರ್ದು." ಜವರಯ್ಯ ಜೇಬಿಗೆ ಕೈ ಹಾಕಿ ನೂರರ ಎರಡು ನೋಟು ತೆಗೆದು ಹಿರಿಯಳಿಯನ ಕೈಗಿಟ್ಟ. ರಂಗಸ್ವಾಮಿ ಬೇಡ ಬೇಡ ಅನ್ನುತ್ತಾ, ಎರಡು ಪೆನ್ನಿನ ಹಿಂದೆ ನೋಟು ಇಳಿಸಿಕೊಂಡ.

ಜಯಕುಮಾರನ ಬಾಯಿ ತೆರೆಯಿತು. ಚಲುವಯ್ಯ ಇದ್ದಾನೆ, ಕಂಡಕ್ಟರು ಇದ್ದಾನೆ, ಬಸ್ಸಿನ ಎರಡು ಟಿಕೀಟು ಇನ್ನೂ ಜೇಬಿನಲ್ಲೇ ಇವೆ. ಒಂದು ಮಾತು ಸಾಕು, ಆ ಬಿಳಿ ಷರ್ಟು ಬಚ್ಚಲ ಬಟ್ಟೆಯಾಗುತ್ತದೆ.

ಆಗ ಅವನ ಕಣ್ಣು ಸಾಕಮ್ಮನ ಮೇಲೆ ಬಿತ್ತು. ಅವಳು ಟ್ರಾಕ್ಟರಿನ ಮಗ್ಗುಲಲ್ಲಿ, ಎಲ್ಲರಿಗೂ ಹಿಂದೆ ನಿಂತಿದ್ದಳು. ಸೆರಗು ಬಾಯಿಗೆ ಅಡ್ಡ. ಅವನನ್ನೇ ನೋಡುತ್ತಾ, ಬೇಡ ಅಂತ ಬಹಳ ಸಣ್ಣದಾಗಿ ತಲೆ ಅಲ್ಲಾಡಿಸಿದಳು. ತಲೆಯ ಜೊತೆ ಕಿವಿಯ ಬೇವಿನ ಕಡ್ಡಿಯೂ ಅಲ್ಲಾಡಿತು. ಆ ಕಿವಿ ಎಂದೂ ಸೋರಿರಲಿಲ್ಲ. ಓಲೆ ಮಂಚಕ್ಕಿಂತ ಮೊದಲೇ ಹೋಗಿತ್ತು.

ಜಯಕುಮಾರ ಬಾಯಿ ಮುಚ್ಚಿದ.

"ಏನಾರ ಏಳ್ರೀ" ಅಂದಳು ಲತ. ಅವಳ ಟ್ರಂಕನ್ನು ಯಾರೂ ಇಳಿಸಿರಲಿಲ್ಲ.

"ಏನೇಳ್ತಾನೆ? ನೀನ್ ಟ್ರಾಕ್ಟರ್ ಹತ್ತು" ಅಂದ ಜವರಯ್ಯ. ನರಸಯ್ಯ ಮುಂದೆ ನಿಂತು, ಈ ಸಲ ಅಳತೆ ತಪ್ಪದ ಹಾಗೆ, ಮೂರು ಕಾಲನ್ನೂ ಮತ್ತೆ ಬಿಚ್ಚಿಸಿ ಮಂಚವನ್ನು ಸಲೀಸಾಗಿ ಹೊರಗೆ ತೆಗೆಸಿಕೊಟ್ಟ. ಅದು ಟ್ರೈಲರು ಹತ್ತಿ, ಲತಳ ಟ್ರಂಕಿನ ಪಕ್ಕದಲ್ಲಿ ಬಿಚ್ಚಿದ ಮೂರು ಕಾಲನ್ನೂ ಮೈಮೇಲೆ ಹಾಕಿಕೊಂಡು ಮಲಗಿತು. ಕೋಣೆಯಲ್ಲಿ ಎರಡು ಇಟ್ಟಿಗೆ ಉಳಿದವು.

ರಂಗಸ್ವಾಮಿ ಹತ್ತಿರ ಬಂದು ಭುಜ ತಟ್ಟಿದ. "ಬೇಜಾರ್ ಮಾಡ್ಕಬ್ಯಾಡ ತಮ್ಮಾ. ಮುಂದಿನ್ ಸಲ ಏನ್ ಬೇಕಾದ್ರೂ ಕೇಳು. ನಮ್ಮನೇಲಿ ಒಂದು ಬೀರೂ ಅದೆ."

"ಕೇಳುಸ್ತೇನ್ಲಾ?" ಜವರಯ್ಯ ಟ್ರಾಕ್ಟರಿನ ಮೇಲಿಂದ ಕೂಗಿದ. "ಇಂತಾ ಷಡ್ಡಕನ್ನ ಪಡೀಯಕ್ಕೂ ಪುಣ್ಯ ಮಾಡಿರ್ಬೇಕು! ಒಂದ್ ಒಳ್ಳೇ ಮಾತಾದ್ರೂ ಆಡ್ಲಾ!"

ಜಯಕುಮಾರ ಟ್ರೈಲರು ಹತ್ತಿ ಕೂತಿದ್ದ ಲತಳ ಮುಖ ನೋಡಿದ. ಸಾಕಮ್ಮನ ಕಿವಿ ನೋಡಿದ. ತಲೆಯ ಮೇಲೆ ಇನ್ನೂ ಹಾಗೇ ಇದ್ದ ಹಾಸಿಗೆಯನ್ನು ಎರಡೂ ಕೈಯಿಂದ ಕಣ್ಣಿನ ತನಕ ಕೆಳಗೆ ಎಳೆದುಕೊಂಡು, ತಿರುಗಿ, ನಾಲೆ ಏರಿಯ ಮೇಲೆ ನಡೆದುಹೋದ.