ಅಫ್ಘಾನ್ ಕಡೆಯ ಹುಡುಗಿ

ಮನೆಯೊಳಗೆ ಸಿಗ್ನಲ್ ಸರಿಯಿಲ್ಲವೆಂದು ಮಧುಕರ್ ಫೋನ್ ಹಿಡಿದು ಬಾಲ್ಕನಿಗೆ ಬಂದದ್ದೇ ತಪ್ಪಾಯಿತು. ಜಪಾನಿನ ಟೊಯೋಸು ಬಡಾವಣೆಯ ಆ ಕಟ್ಟಡದಲ್ಲಿ ಪಕ್ಕದ ಬಾಲ್ಕನಿಗೂ ಅವನದಕ್ಕೂ ನಡುವೆ ಇದ್ದದ್ದು ಹಪ್ಪಳದಷ್ಟು ತೆಳ್ಳನೆಯ ಹಲಗೆ. ಅದರಾಚೆ ಪಕ್ಕದ ಮನೆಯ ಕನ್ನಡತಿ, ಅವನ ಅಮ್ಮನಿಗೂ ಪರಿಚಯವಿದ್ದ ವಸುಂಧರಾ ಬಟ್ಟೆ ಒಣಹಾಕುತ್ತಿದ್ದರು.

ಅವನ ಕಂಪನಿಗೆ ಕೆನಡಾದಿಂದ ಒಂದು ಕೆಲಸ ಬಂದಿತ್ತು. ಗಾಂಜಾ ತಳಿಗಳ ವಂಶವೃಕ್ಷ ತೋರಿಸುವ ಆ್ಯಪ್. ಕೆನಡಾದಲ್ಲಿ ಅದು ಅಂಗಡಿಯ ಸರಕು, ಜಪಾನಿನಲ್ಲಿ ಹೆಸರೆತ್ತಿದರೂ ಜನ ಬೆಚ್ಚುತ್ತಾರೆ. ಆ ಪದ ಯಾರ ಬಾಯಲ್ಲೂ ಬರಬಾರದೆಂದು ಮ್ಯಾನೇಜರ್ ಮೋರಿಮೋತೋ ಸಾನ್ ತಲೆಬಾಗಿಸಿ ಬೇಡಿಕೊಂಡಿದ್ದರು. ಹಾಗಾಗಿ ಬೆಂಗಳೂರಿನ ಸಹೋದ್ಯೋಗಿ ಅನೂಪನೊಡನೆ ಮಾತಾಡುವಾಗ ಮಧುಕರ್ ತಳಿಯನ್ನು ಹುಡುಗಿ ಎನ್ನುತ್ತಿದ್ದ. ಹೇಗೂ ಬೆಲೆಯಿರುವುದು ಹೆಣ್ಣು ಗಿಡಕ್ಕೇ.

"ಹುಡುಗಿ ತಾಯಿ ಅಫ್ಘಾನಿಸ್ತಾನದ ಬೆಟ್ಟದೋಳು, ಅದು ಕನ್‌ಫರ್ಮ್. ತಂದೆ ಮೆಕ್ಸಿಕೋ ಅಂತಾರೆ, ಪ್ರೂಫ್ ಇಲ್ಲ. ಗುಣ ಗಟ್ಟಿಯಾಗ್ಲಿ ಅಂತ ಮತ್ತೆ ತಾಯಿ ಕಡೆಗೇ ಕೂಡಿಸಿದಾರೆ. ಇವತ್ತು ಇವಳನ್ನ ಫೈನಲ್ ಮಾಡ್ಬಿಡ್ತೀನಿ."

ಬಾಗಿಲ ಬೆಲ್ ಆಯಿತು. ವಸುಂಧರಾ ಪುಳಿಯೋಗರೆಯ ಡಬ್ಬಿ ಹಿಡಿದು ನಿಂತಿದ್ದರು.

"ಮಧು, ಹುಡುಗಿ ವಿಷ್ಯ ಅಮ್ಮಂಗೆ ಗೊತ್ತಾ?"

"ಯಾವ ಹುಡುಗಿ?"

"ತಂದೆ ಯಾರೂಂತ ಪ್ರೂಫ್ ಇಲ್ದೋಳು."

ಮಧುಕರನಿಗೆ ಬಾಲ್ಕನಿಯ ಹಲಗೆ ನೆನಪಾಯಿತು. ನಿಜ ಹೇಳಿದರೆ ಅದು ಇವರ ಬಾಯಿಂದ ಸಂಜೆಯೊಳಗೆ ಪೊಲೀಸರನ್ನು ಮುಟ್ಟುತ್ತದೆ.

"ಅದು ಆಫೀಸಿಂದು, ಅಕ್ಕಾ."

"ಓ, ಆಫೀಸಲ್ಲೇ ಇದಾಳಾ," ಎಂದು ಅವರು ಡಬ್ಬಿ ಕೊಟ್ಟು ಅವಸರದಲ್ಲಿ ಹೊರಟರು.

ಮಧ್ಯಾಹ್ನ ವಸುಂಧರಾ ಅವರ ಗಂಡ ಚಂದ್ರಮೌಳಿ ಬಂದು, ಅಫ್ಘಾನ್ ಪಾಸ್‌ಪೋರ್ಟಿಗೆ ವೀಸಾ ಕಷ್ಟವೆಂದು ವಿವರಿಸಿ ಹೋದರು. ಹಾಲು ತರಲು ಕೆಳಗಿನ ಕೊಂಬಿನಿ ಅಂಗಡಿಗೆ ಹೊರಟರೆ ಲಿಫ್ಟಿನಲ್ಲಿ ಮೇಲಿನ ಮಹಡಿಯ ಪದ್ಮಾ ಸಿಕ್ಕರು.

"ಅವಳು ನಾನ್‌ವೆಜ್ ತಿಂತಾಳಾ?"

ಮಧುಕರ್ ಯೋಚಿಸಿ, "ಇಲ್ಲ," ಎಂದ. ಬೆಳಗಿನಿಂದ ಅವನು ಪೂರ್ತಿ ನಿಜ ಹೇಳಿದ್ದು ಅದೊಂದೇ.

ಸಂಜೆ ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್. ಕಣ್ಣು ಊದಿಕೊಂಡಿತ್ತು.

"ವಸುಂಧರಾ ಎಲ್ಲಾ ಹೇಳಿದ್ರು."

ಮಧುಕರ್ ಕಿಟಕಿಗಳನ್ನೆಲ್ಲ ಮುಚ್ಚಿ, ದಿಂಬಿನೊಳಗೆ ಮುಖ ಹುದುಗಿಸಿ, ಕಳ್ಳನಂತೆ ಪಿಸುಗುಟ್ಟಿದ. "ಅಮ್ಮಾ, ಅದು ಹುಡುಗಿ ಅಲ್ಲ. ಗಾಂಜಾ ಗಿಡ. ಅದರ ವಂಶಾವಳಿ ಬರೆಯೋದು ನನ್ ಕೆಲಸ."

"ಹಾಗಾದ್ರೆ ಹುಡುಗಿ ಇಲ್ವಾ?"

"ಇಲ್ಲಮ್ಮ."

"ಬೆಳಗ್ಗೆಯಿಂದ ಅತ್ತೂ ಅತ್ತೂ ಸಾಕಾಯ್ತು. ಆಮೇಲೆ ಸಮಾಧಾನ ಮಾಡ್ಕೊಂಡೆ. ಅವರಲ್ಲೂ ತಾಯಿ ಕಡೆಗೇ ಕೊಡ್ತಾರಂತೆ, ನಮ್ಮ ಥರಾನೇ. ನಿಮ್ ದೊಡ್ಡಪ್ಪನ್ನ ಕಾಲು ಹಿಡಿದು ಒಪ್ಪಿಸ್ದೆ. ಛತ್ರಕ್ಕೂ ಹೇಳಾಯ್ತು." ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ಗಾಂಜಾ ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಮಾಘದೊಳಗೆ ಯಾರನ್ನಾದ್ರೂ ಕರ್ಕೊಂಡು ಬಾ."

ಫೋನ್ ಇಡುವ ಮುನ್ನ ಸೇರಿಸಿದರು:

"ಆದಷ್ಟೂ ಅಫ್ಘಾನ್ ಕಡೆಯೋಳೇ ಆಗಿರ್ಲಿ. ಎಲ್ಲರಿಗೂ ಹಾಗೇ ಹೇಳ್ಬಿಟ್ಟಿದೀನಿ."