ಜ್ವರವೇ ಬರದ ಮಕ್ಕಳ ಇಂಗ್ಲಿಷ್ ಟ್ಯೂಷನ್ನು

ಇಂಗ್ಲಿಷ್ ಕಲಿಸಿ, ಇಂಗ್ಲಿಷಿನಲ್ಲೇ ಮಕ್ಕಳ ಅಂಕ ಇಳಿಸುವ ಟ್ಯೂಷನ್ನು ಪಾಂಡವಪುರದಲ್ಲಿ ಒಂದೇ ಒಂದಿದೆ. ಅದು ನಮ್ಮ ಸೋದರತ್ತೆಯದು. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಟ್ಯೂಷನ್ನಿನ ಮೊದಲ ವಿದ್ಯಾರ್ಥಿ ನಾನೇ, ಅಲ್ಲಿ ಕಲಿತು ಮೊದಲು ಅಂಕ ಕಳೆದುಕೊಂಡವನೂ ನಾನೇ. ಆಧಾರವಿಲ್ಲದೆ ಮಾತಾಡುವವನಲ್ಲ ನಾನು!

ಅತ್ತೆ, ಎಂದರೆ ನಮ್ಮಪ್ಪನ ಅಕ್ಕ, ಕೆ.ಆರ್. ಪೇಟೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದವರು. ಕೆಲಸದಲ್ಲಿದ್ದಾಗ ನನ್ನೊಬ್ಬನಿಗೆಂದು ಶುರುವಾದ ಪಾಠ, ಅವರು ನಿವೃತ್ತರಾಗುವ ಹೊತ್ತಿಗೆ ಇಪ್ಪತ್ತು ಮಕ್ಕಳ ಟ್ಯೂಷನ್ ಆಗಿತ್ತು. ಶನಿವಾರ, ಭಾನುವಾರ ಮಧ್ಯಾಹ್ನ ಮೂರರಿಂದ ಐದು. ಇಂಗ್ಲಿಷ್ ಮಾತಾಡಿದರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗಿರುತ್ತದೆ. ಕನ್ನಡಕ್ಕೆ ಹೊರಳಿದರೆ ಮಾತ್ರ ಅಪ್ಪಟ ಮಂಡ್ಯ. ಬೈಗುಳವೆಲ್ಲ ಕನ್ನಡದಲ್ಲೇ ಆದ್ದರಿಂದ ನಮಗೆ ಮಂಡ್ಯದ ಕನ್ನಡವೇ ಹೆಚ್ಚು ರೂಢಿಯಾಯಿತು.

ಅವರದು ಒಂದೇ ಹಟ. ಮಕ್ಕಳು ಬರೆದದ್ದು ನಿಜವಾಗಿರಬೇಕು. ವ್ಯಾಕರಣ ತಪ್ಪಿದರೆ ತಿದ್ದುತ್ತಾರೆ, ಸುಳ್ಳು ಬರೆದರೆ ಹಾಳೆಯನ್ನೇ ಹರಿಯುತ್ತಾರೆ.

ಎಂಟನೇ ಕ್ಲಾಸಿನಲ್ಲಿ ನಾನು ಕೆ.ಆರ್.ಎಸ್. ಪ್ರವಾಸದ ಬಗ್ಗೆ ಪ್ರಬಂಧ ಬರೆದೆ. ಗೈಡು ಪಕ್ಕದಲ್ಲೇ ಇಟ್ಟುಕೊಂಡು ಬರೆದೆ. ಅಣೆಕಟ್ಟು ಭವ್ಯವಾಗಿದೆ, ಕಾರಂಜಿಗಳು ನಯನಮನೋಹರವಾಗಿವೆ, ನಮ್ಮ ಸಂತೋಷಕ್ಕೆ ಪಾರವೇ ಇರಲಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ! ಅತ್ತೆ ಓದಿ ಕನ್ನಡಕ ತೆಗೆದರು.

“ಪಾರವೇ ಇರ್ಲಿಲ್ವಾ?”

“ಇರ್ಲಿಲ್ಲ ಅತ್ತೆ.”

“ಸುಳ್ಳು ಬೊಗಳಬ್ಯಾಡ ಕಣ್ಲಾ. ದಾರಿ ಉದ್ದಕ್ಕೂ ವಾಂತಿ ಮಾಡ್ಕಂಡೆ ಅಂತ ನಿಮ್ಮಪ್ಪ ಯೋಳ್ದ. ಕಾರಂಜಿ ಬಿಡೋ ಒತ್ಗೆ ನೀನು ಬೆಂಚಿನ ಮ್ಯಾಲೆ ಮಕ್ಕಂಡಿದ್ದಂತೆ. ನೋಡ್ದೇ ಇರೋ ಕಾರಂಜಿ ಅದೆಂಗ್ಲಾ ನಯನಮನೋಹರ ಆಯ್ತು?”

ಹರಿದ ಹಾಳೆಯ ಜಾಗಕ್ಕೆ ನಿಜವನ್ನೇ ಬರೆದೆ. ಗ್ರಹಚಾರ ನೋಡಿ, ಶಾಲೆಯ ಪರೀಕ್ಷೆಯಲ್ಲೂ ಅದೇ ವಿಷಯ ಬಂತು! ವಾಂತಿಯನ್ನು ಬಣ್ಣ ಸಮೇತ ವರ್ಣಿಸಿದೆ. ಹತ್ತಕ್ಕೆ ಎರಡು ಬಂತು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಅಸಹ್ಯ’ ಎಂದಿತ್ತು. ಅತ್ತೆ ಅದೇ ಪ್ರಬಂಧಕ್ಕೆ ಒಂಬತ್ತು ಕೊಟ್ಟರು. ಆ ಒಂದು ಅಂಕ ಯಾಕೆ ಹೋಯಿತು ಗೊತ್ತೇ? ಯಾರ ಅಂಗಿಯ ಮೇಲೆ ಎಂದು ನಾನು ಬರೆದಿರಲಿಲ್ಲವಂತೆ!

ಇನ್ನು ರಜಾ ಅರ್ಜಿ. ‘ಆಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಎಂದು ಬರೆಯದೆ ದೊಡ್ಡವರಾದವರು ನಮ್ಮ ಕಡೆ ಯಾರಿದ್ದಾರೆ? ಅತ್ತೆಯ ಟ್ಯೂಷನ್ನಿನ ಮಕ್ಕಳಿದ್ದಾರೆ. ನಿಜವಾಗಿ ಜ್ವರ ಬಂದಿದ್ದರೆ ಮಾತ್ರ ಜ್ವರ, ಇಲ್ಲದಿದ್ದರೆ ಏನಾಯಿತೋ ಅದು. ಒಂದು ಶನಿವಾರ ಶಾಲೆಯೊಂದರ ಹೆಡ್ಮಾಸ್ಟರು ಕೈತುಂಬ ಅರ್ಜಿ ಹಿಡಿದುಕೊಂಡು ಬಂದೇಬಿಟ್ಟರು.

“ಮೇಡಂ, ನಿಮ್ ಮಕ್ಳ ಲೀವ್ ಲೆಟ್ರು ಓದಿ ನಮ್ಗೇ ಜ್ವರ ಬರ್ತಾ ಐತೆ.”

ಒಬ್ಬ ಬರೆದಿದ್ದ: ‘ನಮ್ಮ ಎಮ್ಮೆ ಕರು ಹಾಕಿತು. ನಾನು ಶಾಲೆಗೆ ಬರಬಹುದಿತ್ತು. ಕರು ಎದ್ದು ನಿಲ್ಲುವುದನ್ನು ನೋಡಬೇಕು ಅನ್ನಿಸಿತು. ನಾಲ್ಕು ಸಲ ಬಿದ್ದು ಐದನೇ ಸಲ ನಿಂತಿತು.’ ಇನ್ನೊಬ್ಬಳದು ಇನ್ನೂ ಚಿಕ್ಕದು: ‘ಸೋಮವಾರ ಸಮಾಜ ಮೇಷ್ಟ್ರ ಎರಡು ಪೀರಿಯಡ್ಡು ಒಟ್ಟಿಗೆ ಇರುತ್ತದೆ. ಆದ್ದರಿಂದ ಬರಲಿಲ್ಲ.’

ಅತ್ತೆ ಎಲ್ಲವನ್ನೂ ಓದಿ, “ಸ್ಪೆಲ್ಲಿಂಗ್ ತಪ್ಪಿಲ್ವಲ್ಲ?” ಎಂದರು.

“ಅದೇ ಮೇಡಂ ತೊಂದ್ರೆ! ಒಂದೂ ತಪ್ಪಿಲ್ಲ. ಎಲ್ರಿಗೂ ಅರ್ಥ ಆಗೋಯ್ತದೆ!”

ಈಗಂತೂ ಮೊಬೈಲಿಗೆ ವಿಷಯ ಹೇಳಿದರೆ ಅದೇ ಪ್ರಬಂಧ ಬರೆದುಕೊಡುತ್ತದಲ್ಲ. ಚಂದ್ರು ಎಂಬ ಹುಡುಗ ಹಾಗೊಂದು ಇಳಿಸಿಕೊಂಡು ಬಂದ. ‘ಇಂದಿನ ವೇಗದ ಜಗತ್ತಿನಲ್ಲಿ’ ಎಂದು ಶುರುವಾಗಿತ್ತು. ಅತ್ತೆ ಎರಡನೇ ಸಾಲಿಗೆ ಹೋಗಲೇ ಇಲ್ಲ.

“ಈ ವೇಗದ ಜಗತ್ತು ಎಲ್ಲೈತ್ಲಾ? ಬೆಳಿಗ್ಗೆ ಟೇಸನ್ನಿಂದ ಬರೋವಾಗ ಕಬ್ಬಿನ ಟ್ರಾಕ್ಟ್ರು ಹಿಂದೆ ಮುಕ್ಕಾಲು ಗಂಟೆ ನಿಂತಿದ್ದೀನಿ ನಾನು!”

“ಅದು ಫೋನು ಬರ್ದಿರಾದು ಮಿಸ್.”

“ಅಂಗಾದ್ರೆ ನಾಳೆಯಿಂದ ಫೋನ್ನೇ ಟ್ಯೂಷನ್‌ಗೆ ಕಳ್ಸು. ನೀನು ಮನೇಲಿರು.”

‘ನನ್ನ ತಾಯಿ’ ಎಂಬ ಪ್ರಬಂಧದ ಕಥೆಯನ್ನಂತೂ ಹೇಳಲೇಬೇಕು. ಎಲ್ಲ ಮಕ್ಕಳ ತಾಯಿಯರೂ ಬೆಳಿಗ್ಗೆ ಐದಕ್ಕೆ ಏಳುವವರು, ಎಲ್ಲರೂ ಕರುಣಾಮಯಿಗಳು. “ನಿಮ್ಗೆಲ್ಲಾ ಒಬ್ಳೇ ತಾಯೇನ್ರಪ್ಪ?” ಎಂದು ಅತ್ತೆ ಇಪ್ಪತ್ತು ಹಾಳೆಯನ್ನೂ ಹರಿದರು. ಮನೆಗೆ ಹೋಗಿ ತಾಯಿಯ ಕೈ ನೋಡಿ, ಅದರ ಬಗ್ಗೆ ಬರೆಯಿರಿ ಎಂದರು. ಮಾರನೇ ದಿನ ಮುಬೀನಾ ಎಂಬ ಹುಡುಗಿಯ ತಾಯಿ ಗಾಬರಿಯಿಂದ ಬಂದರು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ಹೆಂಗಸು.

“ಮೇಡಂ, ಕ್ಯಾ ಹುವಾ ಈ ಹುಡ್ಗೀಗೆ? ನನ್ ಕೈ ಹಿಡ್ಕೊಂಡು ಬೆರಳೆಲ್ಲ ತಿರುಗ್ಸಿ ತಿರುಗ್ಸಿ ನೋಡ್ತಾಳೆ. ಡಾಕ್ಟ್ರಿಗೆ ತೋರ್ಸ್ಬೇಕಾ?”

ಅತ್ತೆ ಮುಬೀನಾಳ ಪುಸ್ತಕ ತೆಗೆದು ಕನ್ನಡದಲ್ಲಿ ಓದಿ ಹೇಳಿದರು. ‘ನನ್ನ ಅಮ್ಮಿಯ ತೋರುಬೆರಳ ತುದಿ ಕಲ್ಲಿನ ಹಾಗಿದೆ. ಅಲ್ಲಿ ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲವಂತೆ. ನಾನು ಚುಚ್ಚಿ ನೋಡಿದೆ. ನಿಜ.’ ಆ ತಾಯಿ ತನ್ನ ಬೆರಳನ್ನೇ ನೋಡುತ್ತ ಹೊರಟುಹೋದರು. ಮಾರನೇ ವಾರ ಚಿಕ್ಕ ಮಗಳನ್ನೂ ಟ್ಯೂಷನ್ನಿಗೆ ತಂದು ಕೂರಿಸಿದರು. ಆ ಚಿಕ್ಕವಳಿಗೆ ಇನ್ನೂ ನಾಲ್ಕು ವರ್ಷ!

ಅತ್ತೆಯ ಜೊತೆ ಹೊರಗೆ ಹೋಗುವುದು ಇನ್ನೂ ಕಷ್ಟ. ನಾಗಮಂಗಲದಲ್ಲಿ ನಮ್ಮವರದೇ ಮದುವೆ. ಛತ್ರದ ಬಾಗಿಲಲ್ಲಿ ಥರ್ಮಾಕೋಲಿನ ಬೋರ್ಡು, ಅದರಲ್ಲಿ ‘ವೆಲ್‌ಕಮ್’ಗೆ ಒಂದು ‘ಎಲ್’ ಜಾಸ್ತಿ. ಅತ್ತೆ ಬ್ಯಾಗಿನಿಂದ ಬ್ಲೇಡು ತೆಗೆದು ಆ ಹೆಚ್ಚಿನ ‘ಎಲ್’ ಅನ್ನು ಕೆರೆದೇಬಿಟ್ಟರು! ಗಂಡಿನ ಕಡೆಯವರು ಯಾರೋ ಮಾಟ ಮಾಡಿಸುತ್ತಿದ್ದಾರೆಂದು ಕೂಗಾಡಿದರು. ಆಗ ಎದ್ದು ಬಂದವರು ನಮ್ಮ ಮಾವ, ಅತ್ತೆಯ ಗಂಡ. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಆವತ್ತಿನ ಹತ್ತನ್ನೂ ಅಲ್ಲೇ ಖರ್ಚು ಮಾಡಿದರು. “ತಪ್ಪು ತಿಳ್ಕೋಬ್ಯಾಡಿ. ಇವ್ಳಿಗೆ ಪೇಪರ್ ಕರೆಕ್ಷನ್ ಕಾಯ್ಲೆ. ನಮ್ ಲಗ್ನಪತ್ರಿಕೇನೂ ತಿದ್ದಿದ್ಳು ಕಣ್ರೀ.”

ಇಷ್ಟೆಲ್ಲ ಆದರೂ ಟ್ಯೂಷನ್ನು ಹೇಗೋ ನಡೆಯುತ್ತಿತ್ತು. ಆಮೇಲೆ ಮುಖ್ಯರಸ್ತೆಯಲ್ಲಿ ಹೊಸ ಕೋಚಿಂಗ್ ಸೆಂಟರು ತೆರೆಯಿತು. ಒಂದೊಂದೇ ಮಗು ಅತ್ತ ಕಡೆ ಸರಿಯಿತು. ಕೊನೆಗೆ ಚಂದ್ರುವಿನ ಅಪ್ಪನೂ ಬಂದ. ಬಹಳ ಮರ್ಯಾದೆಯ ಮನುಷ್ಯ, ಕೈಮುಗಿದೇ ಮಾತಾಡಿದ.

“ಮಾರ್ಕ್ಸ್ ಬರಾ ಇಂಗ್ಲಿಷ್ ಕಲ್ಸಿ ಮೇಡಂ. ನಿಜಾನ ನಾವು ಕನ್ನಡ್ದಾಗೇ ಯೋಳ್ಕತೀವಿ.”

ಅತ್ತೆ ಚಂದ್ರುವಿನ ಪುಸ್ತಕ ತೆಗೆದು ಅವನಪ್ಪನ ಕೈಗೆ ಕೊಟ್ಟರು. ಚಂದ್ರು ಮಾತ್ರ ಅಪ್ಪನ ಮೋಟಾರ್ ಸೈಕಲ್ಲು ಹತ್ತಲು ಒಪ್ಪದೆ ಅಲ್ಲೇ ಉಳಿದ. ಅವನೂ ಸೇರಿ ಏಳು ಮಕ್ಕಳು ಉಳಿದರು. ಅತ್ತೆ ಆ ಏಳು ಜನರಿಗೂ ಇಪ್ಪತ್ತು ಜನಕ್ಕೆ ಕೂಗಿದಷ್ಟೇ ಜೋರಾಗಿ ಕೂಗಿ ಪಾಠ ಮಾಡಿದರು.

ಹೋದ ವರ್ಷ ಬೇಸಗೆಯಲ್ಲಿ ಮಾವ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಎದೆ ಹಿಡಿದುಕೊಂಡವರು ಆಸ್ಪತ್ರೆ ತಲುಪಲಿಲ್ಲ.

ಅತ್ತೆ ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದರು, ಹೋದವರಿಗೆ ದಾರಿ ಬಿಟ್ಟರು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು, ಪುಣ್ಯಾತ್ಮರು, ನರಳದೆ ಹೋದರು ಎಂದು. ಅತ್ತೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. ತಿಥಿ ಮುಗಿದ ಮೇಲೆ ನನ್ನನ್ನು ಕರೆದು, “ಮಕ್ಳಿಗೆ ಬರ್ಬ್ಯಾಡಿ ಅಂತ ಯೋಳ್ಬುಡು. ಇನ್ನು ನನ್ ಕೈಲಾಗಕಿಲ್ಲ” ಎಂದರು. ನಾನು ಎಲ್ಲರ ಮನೆಗೂ ಫೋನು ಮಾಡಿ ಹೇಳಿದೆ.

ಆದರೂ ಆ ಶನಿವಾರ ಮೂರಕ್ಕೆ ಏಳೂ ಮಕ್ಕಳು ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು. ಮುಬೀನಾ ಒಂದು ಹಾಳೆಯನ್ನು ಅತ್ತೆಯ ಕೈಗಿಟ್ಟಳು. ಅತ್ತೆ ಅದನ್ನು ನೋಡದೆಯೇ ನನ್ನತ್ತ ಚಾಚಿದರು. “ನಂಗೆ ಆಗ್ತಿಲ್ಲ, ನೀನೇ ಓದು.” ಇಂಗ್ಲಿಷಿನಲ್ಲಿದ್ದುದನ್ನು ನಾನು ಗಟ್ಟಿಯಾಗಿ ಓದಿದೆ. ಅದರಲ್ಲಿ ಹೀಗಿತ್ತು.

‘ಸರ್ ನಮ್ಮ ಜೊತೆ ಜಾಸ್ತಿ ಮಾತಾಡುತ್ತಿರಲಿಲ್ಲ. ನಾವು ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದೆವು. ನಾಲ್ಕು ಗಂಟೆಗೆ ಅಲ್ಲಿ ಬಿಸಿಲು ಬರುತ್ತದೆ. ಆಗ ಸರ್ ಎಲ್ಲರ ಚಪ್ಪಲಿಯನ್ನೂ ಎತ್ತಿ ನೀರಿನ ತೊಟ್ಟಿಯ ಪಕ್ಕ ನೆರಳಿಗೆ ಇಡುತ್ತಿದ್ದರು. ಐದಕ್ಕೆ ಮುಂಚೆ ತಂದು ಬಾಗಿಲಲ್ಲಿ ಜೋಡಿಸುತ್ತಿದ್ದರು. ನಾನು ಕಿಟಕಿಯ ಎದುರು ಕೂರುವುದರಿಂದ ನನಗೆ ಕಾಣುತ್ತಿತ್ತು. ಒಂದು ದಿನ ನನ್ನ ಚಪ್ಪಲಿಯ ಬಾರು ಕಿತ್ತಿತ್ತು. ಪಾಠ ಮುಗಿಸಿ ಬಂದಾಗ ಅದಕ್ಕೆ ಪಿನ್ನು ಹಾಕಿತ್ತು. ನಾನು ಸರ್‌ಗೆ ಥ್ಯಾಂಕ್ಸ್ ಹೇಳಲಿಲ್ಲ.’

ಅತ್ತೆ ಯಾವಾಗಲೂ ಕಿಟಕಿಗೆ ಬೆನ್ನು ಮಾಡಿ ಪಾಠ ಮಾಡುತ್ತಿದ್ದವರು.

“ಎಷ್ಟ್ ದಿನದಿಂದ್ಲೇ?” ಎಂದರು.

“ನಾನ್ ಸೇರ್ದಾಗಿಂದ್ಲೂ ಮಿಸ್. ಮೂರು ವರ್ಷ.”

“ಎಲ್ಲಿಡ್ತಿದ್ರು? ತೋರ್ಸು.”

ಮುಬೀನಾ ತೊಟ್ಟಿಯ ಪಕ್ಕದ ಕಲ್ಲು ತೋರಿಸಿದಳು. ಅತ್ತೆ ಬರಿಗಾಲಲ್ಲಿ ಅಲ್ಲಿಗೆ ಹೋಗಿ, ಆ ಕಲ್ಲಿನ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಹದಿನೈದು ದಿನದ್ದೆಲ್ಲ ಒಟ್ಟಿಗೆ ಅತ್ತರು. ಮಕ್ಕಳು ಹೆದರಿ ನನ್ನ ಮುಖ ನೋಡಿದವು. ನಾನು ಯಾರ ಮುಖ ನೋಡಲಿ?

ಎಷ್ಟೋ ಹೊತ್ತಿನ ಮೇಲೆ ಅತ್ತೆ ಕಣ್ಣೊರೆಸಿಕೊಂಡು ಮಕ್ಕಳನ್ನು ಹತ್ತಿರ ಕರೆದರು.

“ನಂಗೊತ್ತಿಲ್ದೇ ಇರೋದು ಇನ್ನೇನೇನ್ ನೋಡಿದ್ದೀರಪ್ಪ ಅವ್ರದ್ದು? ಯೋಳ್ರಪ್ಪ.”

ಚಂದ್ರು ಹೇಳಿದ.

“ನೀವು ನಮ್ಗೆ ಬೈಯೋದ ಕೇಳಿಸ್ಕಂಡು ಸರ್ ಇಲ್ಲೇ ನಿಂತ್ಕಂಡು ಒಬ್ರೇ ನಗ್ತಿದ್ರು ಮಿಸ್.”

ಅತ್ತೆ ಸ್ವಲ್ಪ ಸರಿದು ಕಲ್ಲಿನ ಮೇಲೆ ಅವನಿಗೆ ಜಾಗ ಮಾಡಿಕೊಟ್ಟರು.

“ಯಾವ್ ಬೈಗುಳಕ್ಲಾ?” ಎಂದು ಕೇಳಿದರು.